ಸರದಿ ತಪ್ಪಿಸಿದ ಸ್ವಿಚ್ಚು

ಮರಳುಗಾಡಿನ ದಾರಿ

ಕೀನ್ಯಾ ದೇಶದ ಉತ್ತರದ ತುದಿಯಲ್ಲಿ, ಇಥಿಯೋಪಿಯಾ ಗಡಿಗೆ ಹತ್ತಿರದ ಒಂದು ಊರಿನಲ್ಲಿ ನಾನೊಂದು ಸ್ವಿಚ್ಚು ಒತ್ತಿದೆ. ಅಷ್ಟೇ ಮಾಡಿದ್ದು. ಅದಕ್ಕೆ ಒಂದು ಹಿಂಡು ದನ ಸಾಯುವ ಹಾಗಾಯಿತು, ಗಂಡಸರು ಕೋಲು ಎತ್ತಿ ನಿಂತರು, ಊರಿನ ಮುದುಕರೆಲ್ಲ ಮರದ ಕೆಳಗೆ ಕೂತು ನನ್ನ ಪಂಚಾಯ್ತಿ ಮಾಡಿದರು. ಹೊರಡುವ ದಿನ ನಮ್ಮವ್ವ, "ನಿನ್ ಬಾಯಿ ಸ್ವಲ್ಪ ಬಿಗಿ ಹಿಡ್ಕಳೇ ತಾಯಿ, ಪರದೇಸ ಅದು" ಅಂದಿದ್ದಳು. ಬಾಯಿಯನ್ನೇನೋ ಬಿಗಿ ಹಿಡಿದೆ. ಕೈಯ ವಿಷಯ ಅವಳಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ನಾನು ಪಾಲಮ್ಮ. ಚಳ್ಳಕೆರೆ ತಾಲ್ಲೂಕು, ದೊಡ್ಡಉಳ್ಳಾರ್ತಿ ಪಕ್ಕದ ಹಟ್ಟಿಯವಳು. ದನ ಕಾಯುವವರ ಮನೆಯಲ್ಲಿ ಹುಟ್ಟಿ, ಚಿತ್ರದುರ್ಗದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿ, ಈಗ ಸಣ್ಣ ಗ್ರಿಡ್ ಕೂರಿಸುವ ಕೆಲಸ ಮಾಡುತ್ತೇನೆ. ಸಣ್ಣ ಗ್ರಿಡ್ ಅಂದರೆ ಬಹಳ ಏನಿಲ್ಲ. ದೊಡ್ಡ ಲೈನು ಎಳೆಯಲಾಗದಷ್ಟು ದೂರದ ಊರಿಗೆ ಅಲ್ಲೇ ಒಂದು ಅಂಗಳದ ತುಂಬ ಸೋಲಾರ್ ಹಲಗೆ, ಪಕ್ಕದಲ್ಲಿ ಒಂದು ಬ್ಯಾಟರಿ ಕೋಣೆ, ಅಲ್ಲಿಂದ ಊರೊಳಗಷ್ಟೇ ಓಡುವ ತಂತಿ. ಊರಿನ ಕರೆಂಟು ಊರಲ್ಲೇ ಹುಟ್ಟಿ ಊರಲ್ಲೇ ಮುಗಿಯುತ್ತದೆ. ನಮ್ಮ ಕಡೆಯ ದೂರದ ಹಟ್ಟಿಗಳಲ್ಲಿ ಇಂಥವನ್ನು ಕೂರಿಸಿದ್ದೆ ಅಂತ ನಮ್ಮ ಕಂಪನಿಯವರು ನನ್ನನ್ನು ಆರಿಸಿ ಅಲ್ಲಿಗೆ ಕಳಿಸಿದರು.

ಜೊತೆಗೆ ವೈರ್‌ಮನ್ ತಿಪ್ಪೇಶಿ. ಮೊಳಕಾಲ್ಮೂರಿನ ಮಗ್ಗದ ಮನೆಯವನು, ಎರಡು ಮಕ್ಕಳ ತಂದೆ, ಅರ್ಧ ಮಾತು ಕನ್ನಡ, ಅರ್ಧ ತೆಲುಗು. ವಿಮಾನದಲ್ಲಿ ಕೊಟ್ಟದ್ದನ್ನೆಲ್ಲ ತಿಂದು, ನೈರೋಬಿಯಲ್ಲಿ ಚಳಿ ಅಂತ ಗೊಣಗಿ, ಆಮೇಲೆ ಜೀಪಿನಲ್ಲಿ ಉತ್ತರಕ್ಕೆ ಹೊರಟಾಗ ಸೆಖೆ ಅಂತ ಗೊಣಗಿದ. ಹಸಿರೆಲ್ಲ ಮುಗಿದು, ಕಪ್ಪು ಕಲ್ಲು, ಒಣ ಹುಲ್ಲು, ಜಾಲಿಯಂಥ ಮುಳ್ಳುಗಿಡ, ಅದರ ಮೇಲೆ ಇಷ್ಟಗಲ ಆಕಾಶ ಶುರುವಾದ ಮೇಲೆ ಎದ್ದು ಕೂತ.

"ಅಕ್ಕೋ, ಇದು ನಿಮ್ ಕಾವಲೇ ಕಣಕ್ಕ! ಸಮುದ್ರ ದಾಟ್ಸಿ, ದೇಸ ಎಲ್ಲಾ ಸುತ್ಸಿ, ಕೊನಿಗೆ ತಂದು ಉಳ್ಳಾರ್ತಿಗೇ ಇಳಿಸ್ತಾವ್ರಲ್ಲ!"

"ಸುಮ್ನೆ ಕೂತ್ಕಳೋ" ಅಂದೆ. ಆದರೆ ಅವನು ಹೇಳಿದ್ದು ನಿಜ. ಕಾವಲು ಅಂದರೆ ನಮ್ಮ ದನ ಮೇಯುವ ಹುಲ್ಲುಗಾವಲು, ಸುತ್ತ ಗೋಡೆ ಬರುವ ಮೊದಲು ಅದೂ ಹೀಗೇ ಇತ್ತು. ಕಣ್ಣು ಹಾಯುವಷ್ಟು ಹುಲ್ಲು, ನಡುವೆ ಎಲ್ಲೋ ಒಂದು ಗುಂಪು ದನ, ದನದ ಹಿಂದೆ ಕಂಬಳಿ ಹೊದ್ದ ಒಬ್ಬ ಮನುಷ್ಯ. ಜೀಪಿನ ಕಿಟಕಿಗೆ ಮುಖ ಒತ್ತಿ ನೋಡುತ್ತ ಕೂತೆ.

ಹೊಗೆ ಚಾ ಊರು

ಊರಿನ ಹೆಸರು ಬರೆಯುವುದಿಲ್ಲ. ಅವರ ಪಂಚಾಯ್ತಿ ಅವರ ಮನೆಯ ಮಾತು. ಬೋರಾನಾ ಎಂಬ ದನಗಾಹಿ ಜನ ಅವರು. ಗಡಿಯಲ್ಲಿರುವುದರಿಂದ ಎರಡು ಮೂರು ಭಾಷೆ ಎಲ್ಲರ ನಾಲಗೆಯ ಮೇಲೂ ಆಡುತ್ತದೆ. ಮನೆಯ ಮಾತೊಂದು, ಸಂತೆಯ ಮಾತೊಂದು. ತಿಪ್ಪೇಶಿಗೆ ಅದು ಬಹಳ ಹಿಡಿಸಿತು. "ನಮ್ ಆಂಧ್ರ ಗಡೀ ರಾಯದುರ್ಗದ ರೋಡಿನಂಗೇ ಐತೆ" ಅಂದುಕೊಂಡು ಎರಡೇ ದಿನದಲ್ಲಿ ಅಂಗಡಿಯ ಲೆಕ್ಕಕ್ಕೆ ಬೇಕಾದಷ್ಟು ಮಾತು ಕಲಿತ.

ಅವರ ನಮಸ್ಕಾರ ಮುಗಿಯುವುದೇ ಇಲ್ಲ. ಜನ ನೆಮ್ಮದಿಯೇ, ಮಕ್ಕಳು ನೆಮ್ಮದಿಯೇ, ದನ ನೆಮ್ಮದಿಯೇ, ಹುಲ್ಲು ನೆಮ್ಮದಿಯೇ, ನೀರು ನೆಮ್ಮದಿಯೇ. ಪ್ರತಿಯೊಂದಕ್ಕೂ ನಿಂತು ಉತ್ತರ ಹೇಳಬೇಕು. ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ "ಊಟ ಆಯ್ತಾ" ಅಂತ ಕೇಳಿ, ಉತ್ತರ ಬರುವ ಮೊದಲೇ ಬಸ್ಸು ಹತ್ತುವ ಜನ ನಾವು. ಅಲ್ಲಿ ಹಾಗೆ ಮಾಡಿದರೆ ಜಗಳಕ್ಕೆ ಬಂದವರು ಅಂದುಕೊಳ್ಳುತ್ತಾರಂತೆ. ಹಾಗಂತ ಹೇಳಿದವನು ಗೂಯೊ. ಅದೇ ಊರಿನವನು, ಗ್ರಿಡ್ ನೋಡಿಕೊಳ್ಳಲು ತರಬೇತಿ ಪಡೆದ ತಂತ್ರಜ್ಞ, ನಮಗೆ ದುಭಾಷಿ. ನಾವು ಅವನೊಡನೆ ಇಂಗ್ಲಿಷಿನಲ್ಲಿ ಆಡಿದ್ದನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಚಾ ಕೊಡುತ್ತಾರೆ, ಅದರಲ್ಲಿ ಹೊಗೆಯ ವಾಸನೆ. ಹಾಲಿನ ಪಾತ್ರೆಗೆ ಕೆಂಡ ಹಾಕಿ ಹೊಗೆ ಹಿಡಿಸುವುದು ಅವರ ಪದ್ಧತಿ, ಹಾಲು ಕೆಡುವುದಿಲ್ಲವಂತೆ. ಮೊದಲ ದಿನ ಮುಖ ಕಿವುಚಿದ ತಿಪ್ಪೇಶಿ ಮೂರನೆಯ ದಿನ ಹೊಗೆಯಿಲ್ಲದ ಚಾ ಕೊಟ್ಟರೆ ಸಪ್ಪೆ ಅಂದ. ಅವನು ಕಂಬಗಳ ನಕ್ಷೆಯನ್ನು ಮುಳ್ಳುಬೇಲಿಯ ಮೇಲೆ ಒಣಗಲು ಹಾಕಿದ್ದ, ಅದರ ಮೇಲೆ ಚಾ ಚೆಲ್ಲಿಕೊಂಡಿದ್ದರಿಂದ. ಒಂದು ಮೇಕೆ ಬಂದು ಅರ್ಧ ಊರಿನ ಲೈನನ್ನು ತಿಂದು ಹೋಯಿತು. "ಥೂ, ನಿನ್ ಮನೆ ಕಾಯ್ವಾಗ!" ಅಂತ ಮೇಕೆಯ ಹಿಂದೆ ಓಡಿದ ಅವನನ್ನು ನೋಡಿ ಊರಿನ ಹೆಂಗಸರು ಬಿದ್ದು ಬಿದ್ದು ನಕ್ಕರು. ಆ ನಗುವಿನಿಂದ ನಾವು ಅವರಿಗೆ ಪರಿಚಯವಾದೆವು.

ನಕ್ಕವರಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ತುಮೆ. ಅಂಗಡಿಯವಳು, ನನ್ನ ವಾರಿಗೆಯವಳೇ. ಸುತ್ತಲಿನ ಹೆಂಗಸರ ಒಂಟೆ ಹಾಲನ್ನು ಕೂಡಿಹಾಕಿ ಪೇಟೆಗೆ ಕಳಿಸುತ್ತಾಳೆ. ಲಾರಿ ತಡವಾದರೆ ಹಾಲು ಹಾಳು. ಹೊಸ ಕರೆಂಟಿಗೆಂದು ಅವಳು ಒಂದು ಫ್ರಿಜ್ ತರಿಸಿ, ಅದರ ಮೇಲೆ ಹೂವಿನ ಬಟ್ಟೆ ಹೊದಿಸಿ, ದಿನವೂ ನನ್ನನ್ನು ಕರೆದು ತೋರಿಸುತ್ತಿದ್ದಳು. "ಯಾವಾಗ?" ಅಂತ ಒಂದೇ ಪ್ರಶ್ನೆ. "ಬೇಗ" ಅಂತ ಒಂದೇ ಉತ್ತರ.

ಸರದಿಯ ಯಜಮಾನ

ಊರಿನ ಹೊರಗೆ ಕೊಳವೆಬಾವಿ, ನೀರು ಕೂಡಿಡುವ ಸಿಸ್ಟನ್ನು, ಅದರ ಪಕ್ಕ ಉದ್ದನೆಯ ದನದ ತೊಟ್ಟಿ. ತೊಟ್ಟಿಯ ಸುತ್ತ ಮುಳ್ಳುಬೇಲಿ, ಒಳಹೋಗುವ ದಾರಿಗೆ ಬಾಗಿಲಿಲ್ಲ, ಒಂದು ದೊಡ್ಡ ಮುಳ್ಳಿನ ಕೊಂಬೆ ಅಡ್ಡ. ಮೊದಲು ಡೀಸೆಲ್ ಎಂಜಿನ್ ಇತ್ತು. ಅದು ಕೆಟ್ಟಾಗೆಲ್ಲ ದನಗಳು ಬಾಯಿ ತೆರೆದುಕೊಂಡು ನಿಲ್ಲುತ್ತಿದ್ದವು. ಈಗ ಪಂಪನ್ನು ನಮ್ಮ ಗ್ರಿಡ್ಡಿಗೆ ಕೊಡುವುದು. ಮನೆಯ ದೀಪಕ್ಕಿಂತ ಆ ಪಂಪಿಗೇ ಊರು ಕಾದಿತ್ತು.

ನೀರಿಗೆ ಅವರಲ್ಲಿ ಸರದಿ ಇದೆ. ಸರದಿಗೆ ಒಬ್ಬ ಯಜಮಾನ. ನಮ್ಮ ಹಟ್ಟಿ ಯಜಮಾನನ ಹಾಗೇ ಒಣಗಿದ ಮುಖ, ತಲೆಗೆ ಬಿಳಿ ವಸ್ತ್ರ, ಕೈಯಲ್ಲಿ ತೆಳ್ಳನೆಯ ಕೋಲು. ಹೆಸರು ಜಾರ್ಸೊ. ಯಾರ ದನ ಯಾವ ದಿನ ಕುಡಿಯಬೇಕು, ಯಾರ ಹಿಂದೆ ಯಾರು, ಎಲ್ಲವೂ ಅವನ ಮಾತಿನ ಮೇಲೆ. ದನಕ್ಕೆ ಮೂರನೆಯ ದಿನಕ್ಕೊಮ್ಮೆ ನೀರು. ನಡುವಿನ ದಿನಗಳಲ್ಲಿ ಅವು ಹುಲ್ಲಿರುವ ದೂರಕ್ಕೆ ಹೋಗಿ ಬರುತ್ತವೆ. ಸರದಿಯಲ್ಲದವರು ಬಂದರೆ ದೂರದ ಮರದಡಿ ನಿಂತು ಕೇಳಬೇಕು. ಸರದಿಯವರು ಕುಡಿಸಿ ಮಿಕ್ಕರೆ ಕೊಡುತ್ತಾರೆ. ಗೂಯೊ ಇದನ್ನೆಲ್ಲ ನನಗೆ ಹೇಳಿದ್ದ. ಹೇಳಿಲ್ಲ ಅಂತ ಸುಳ್ಳು ಹೇಳಲಾರೆ. ನಾನು ಆಗ ಇನ್ವರ್ಟರಿನ ಮುಚ್ಚಳ ತೆಗೆದು ತಲೆ ಒಳಗೆ ತೂರಿಸಿದ್ದೆ. "ಗೊತ್ತಪ್ಪ, ನಾನೂ ದನ ಕಾದವಳೇ" ಅಂದುಬಿಟ್ಟೆ.

ದನ ಕಾದವಳು ಅನ್ನುವ ಜಂಭವೇ ನನಗೆ ಮುಳುವಾಯಿತು. ನಮ್ಮ ಕಡೆ ಸರದಿ ಅಂತಿಲ್ಲ. ನೀರಿನ ಕಟ್ಟೆ ಎಲ್ಲರದು, ಮೊದಲು ಬಂದದ್ದು ಮೊದಲು ಕುಡಿಯುತ್ತದೆ. ಅದರ ಮೇಲೆ ನಮ್ಮಪ್ಪನ ಒಂದು ಕಟ್ಟಳೆ: ನೀರಿನ ಕಡೆ ಮುಖ ಮಾಡಿದ ದನಕ್ಕೆ ಅಡ್ಡ ನಿಲ್ಲಬಾರದು. ಯಾರದೇ ದನ ಆಗಲಿ, ಜಗಳದವರ ದನವೇ ಆಗಲಿ, ದಾರಿ ಬಿಟ್ಟು ಪಕ್ಕಕ್ಕೆ ಸರಿಯಬೇಕು. ಚಿಕ್ಕವಳಿದ್ದಾಗ ಹಾಗೆ ಅಡ್ಡ ಬಂದು ಅವನ ಕೈಯಲ್ಲಿ ಬೆನ್ನಿಗೆ ಎರಡು ತಿಂದಿದ್ದೇನೆ. ಅದು ರಕ್ತದಲ್ಲಿ ಇಳಿದುಬಿಟ್ಟಿದೆ.

ಸ್ವಿಚ್ಚು ಒತ್ತಿದ ದಿನ

ಆ ದಿನ ಬೆಳಿಗ್ಗೆ ಗ್ರಿಡ್ಡಿಗೆ ಜೀವ ಕೊಟ್ಟೆವು. ತುಮೆಯ ಫ್ರಿಜ್ ಗುಂಯ್ ಅಂದಿತು. ಅವಳು ಅದರ ಬಾಗಿಲಿಗೆ ಕಿವಿ ಇಟ್ಟು ಕೇಳಿದಳು, ಹಾಲಿನ ಡಬ್ಬಗಳನ್ನೆಲ್ಲ ಒಳಗಿಟ್ಟಳು. ಸಂಜೆಗೆ ಎಲ್ಲ ಮನೆಗೂ ದೀಪ ಅಂತ ಊರೆಲ್ಲ ಮಾತಾಯಿತು. ಪಂಪು ಓಡಿ ಸಿಸ್ಟನ್ನು ತುಂಬಿತು, ತೊಟ್ಟಿಯೂ ತುಂಬಿತು. ಬ್ಯಾಟರಿ ಇನ್ನೂ ಪೂರ್ತಿ ತುಂಬಿರಲಿಲ್ಲ, ದಿನವಿಡೀ ಬಿಸಿಲಿದೆ ಅಂತ ಧೈರ್ಯ. ಜಾರ್ಸೊ ಪಕ್ಕದ ಊರಿಗೆ ಸಾವಿನ ಮನೆಗೆ ಹೋಗಿದ್ದ. ಗೂಯೊ ಕೊನೆಯ ಕಂಬದ ಹತ್ತಿರ ಇದ್ದ. ಪಂಪಿನ ಬಳಿ ನಾನು ಮತ್ತು ತಿಪ್ಪೇಶಿ, ಇಬ್ಬರೇ.

ಆಗ ಬಂತು ಒಂದು ಹಿಂಡು. ದೊಡ್ಡ ಹಿಂಡು. ದೂರದ ಮರದ ಹತ್ತಿರ ನಿಂತಿತು. ಹಿಂಡಿನ ಮುಂದೆ ಒಬ್ಬ ಮುದುಕ, ಕೋಲು ನೆಲಕ್ಕೆ ಊರಿ, ನಮ್ಮ ಕಡೆ ನೋಡುತ್ತ ನಿಂತ. ದನಗಳು ನೀರಿನ ವಾಸನೆ ಹಿಡಿದು ಕತ್ತು ಚಾಚಿ ಅರಚುತ್ತಿದ್ದವು. ಅವನೂ ಅವನ ಮಕ್ಕಳೂ ಕೋಲು ಅಡ್ಡ ಹಿಡಿದು ತಡೆಯುತ್ತಿದ್ದರು. ಇಷ್ಟು ನೀರಿದೆ, ದನ ಅರಚುತ್ತಿದೆ, ಇವನು ಯಾಕೆ ಹೀಗೆ ಹಿಡಿದು ನಿಂತಿದ್ದಾನೆ?

"ಅಕ್ಕ, ಗೂಯೊ ಏನೋ ಹೇಳಿದ್ನಲ್ಲ, ಸರದಿ ಗಿರದಿ ಅಂತ" ಅಂದ ತಿಪ್ಪೇಶಿ.

"ತುಂಬಿ ತುಳುಕ್ತಾ ಐತಲ್ಲೋ! ಕುಡ್ಕಂಡ್ ಹೋಗ್ಲಿ ಬಿಡು, ಪಂಪು ಮತ್ತೆ ತುಂಬುಸ್ತೈತೆ" ಅಂದೆ.

ಮುಳ್ಳಿನ ಕೊಂಬೆ ಎಳೆದು ಪಕ್ಕಕ್ಕೆ ಹಾಕಿದೆ. ಕೈ ಎತ್ತಿ ಮುದುಕನನ್ನು ಕರೆದೆ. ಅವನು ಬರಲಿಲ್ಲ. ಇನ್ನೂ ಬೀಸಿ ಕರೆದೆ, ನಮ್ಮಪ್ಪ ಕಟ್ಟೆಯ ಹತ್ತಿರ ಹಾಕುತ್ತಿದ್ದ ಕೂಗನ್ನೂ ಹಾಕಿದೆ. ಅವನು ಸುತ್ತ ನೋಡಿದ. ಯಜಮಾನನೇ ಕರೆಯಲು ಹೇಳಿದ್ದಾನೆ ಅಂದುಕೊಂಡನೋ ಏನೋ, ಕೋಲು ಇಳಿಸಿದ. ದನಗಳು ಓಡಿ ಬಂದವು. ನೀರು ಇಳಿದಂತೆಲ್ಲ ನಾನು ಪಂಪಿನ ಸ್ವಿಚ್ಚು ಒತ್ತಿದೆ. ದನದ ಗಂಟಲಲ್ಲಿ ನೀರು ಇಳಿಯುವ ಸದ್ದು ಕೇಳಿ ಎಷ್ಟು ವರ್ಷವಾಗಿತ್ತು! ತೊಟ್ಟಿಯ ಅಂಚಿನಲ್ಲಿ ನಿಂತು ಮೂರ್ಖಳ ಹಾಗೆ ನಗುತ್ತಿದ್ದೆ.

ಗೂಯೊ ಓಡಿ ಬರುವಷ್ಟರಲ್ಲಿ ಹಿಂಡು ಕುಡಿದು ಮುಗಿಸಿತ್ತು. ಪಂಪು ಎತ್ತಿದ್ದಕ್ಕಿಂತ ಬೇಗ ಕುಡಿದಿದ್ದವು, ಸಿಸ್ಟನ್ನಿನ ತಳ ಕಾಣುತ್ತಿತ್ತು.

"ಯಾರು ಕರೆದರು ಇವರನ್ನು?"

"ನಾನೇ."

ಅವನು ತಲೆಯ ಮೇಲೆ ಕೈಯಿಟ್ಟುಕೊಂಡ. "ಇವತ್ತು ಗಲ್ಗಲೊನ ಸರದಿ. ಅವನ ದನಕ್ಕೆ ಇವತ್ತು ಮೂರನೆಯ ದಿನ. ಹುಲ್ಲಿಗಾಗಿ ಬಹಳ ದೂರ ಹೋಗಿದ್ದವು, ಈಗ ಬರುತ್ತಿವೆ. ಎಳೆಗರುವಿನ ಹಸುಗಳೇ ಹೆಚ್ಚು. ನಾಳೆ ಬೇರೆಯವರ ದಿನ, ನಾಡಿದ್ದು ಇನ್ನೊಬ್ಬರದು. ಬೇರೆ ಬಾವಿಗೆ ಹೋಗಬೇಕೆಂದರೆ ದಾರಿಯಲ್ಲೇ ಬೀಳುತ್ತವೆ."

"ಪಂಪು ಓಡಿಸ್ತೀನಿ, ತುಂಬುತ್ತೆ" ಅಂದೆ. ಹೇಳುತ್ತ ಆಕಾಶ ನೋಡಿದೆ. ಪೂರ್ವದ ಕಡೆ ನೆಲದಿಂದ ಒಂದು ಕೆಂಪು ಗೋಡೆ ಎದ್ದು ಬರುತ್ತಿತ್ತು.

ಧೂಳು

ಧೂಳು ಗಾಳಿ ನಮ್ಮಲ್ಲೂ ಬೀಸುತ್ತದೆ. ಇದು ಬೇರೆ. ಮಧ್ಯಾಹ್ನ ಮಬ್ಬುಗತ್ತಲಾಯಿತು. ಬ್ಯಾಟರಿ ಕೋಣೆಯೊಳಗೆ ಮೂವರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕೂತೆವು. ಹಲಗೆಗಳಿಂದ ಕರೆಂಟು ಬರುವುದು ನಿಂತಿತು. ಪಂಪು ಬ್ಯಾಟರಿಯನ್ನು ಹೀರತೊಡಗಿತು. ಸ್ವಲ್ಪ ಹೊತ್ತಿಗೆ ಇನ್ವರ್ಟರ್ ಕಿರ್ ಅಂತ ಕೂಗಿ ನಿಂತೇಹೋಯಿತು. ಬ್ಯಾಟರಿ ಒಂದು ಮಿತಿಗಿಂತ ಕೆಳಗಿಳಿದರೆ ತನ್ನಷ್ಟಕ್ಕೆ ಬಂದ್ ಆಗುವ ಹಾಗೆ ಇಟ್ಟಿರುತ್ತೇವೆ. ಸಿಸ್ಟನ್ನಿನಲ್ಲಿ ಮೊಣಕಾಲುದ್ದ ನೀರೂ ಇರಲಿಲ್ಲ.

ಗಾಳಿ ತಗ್ಗಿದಾಗ ಗಲ್ಗಲೊನ ದನ ಬಂದು ನಿಂತಿದ್ದವು. ಬಿಳಿ ದನಗಳೆಲ್ಲ ಧೂಳಿಗೆ ಕೆಂಪಾಗಿದ್ದವು. ಅರಚಲಿಲ್ಲ. ಅರಚದ ದನ ನೋಡಿದರೆ ನನಗೆ ಹೆದರಿಕೆ, ಅರಚುವ ಶಕ್ತಿಯೂ ಮುಗಿದಿದೆ ಅಂತ ಅರ್ಥ. ಗಲ್ಗಲೊ ಎತ್ತರದ ಆಳು, ನಲವತ್ತರ ಆಸುಪಾಸು. ತೊಟ್ಟಿಯ ಹತ್ತಿರ ಬಂದು ಬಗ್ಗಿ ನೋಡಿದ. ಅದರ ತಳದ ಒದ್ದೆ ಮಣ್ಣನ್ನು ಬೆರಳಿನಲ್ಲಿ ಮುಟ್ಟಿದ. ಆಮೇಲೆ ದೂರದ ಮರದಡಿ ಇನ್ನೂ ಕೂತಿದ್ದ ಮುದುಕನ ಹಿಂಡನ್ನು ನೋಡಿದ. ಅವನ ತಮ್ಮಂದಿರು ಕೋಲು ಎತ್ತಿಕೊಂಡರು. ಆ ಕಡೆ ಮುದುಕನ ಮಕ್ಕಳೂ ಎದ್ದರು.

ಗೂಯೊ ನಡುವೆ ಓಡಿದ. ನಾನೂ ಓಡಿದೆ. "ನಾನು, ನಾನು ಮಾಡಿದ್ದು!" ಅಂತ ಎದೆ ಬಡಿದುಕೊಂಡು ಕನ್ನಡದಲ್ಲೇ ಕೂಗಿದೆ. ಯಾರಿಗೆ ಏನು ಅರ್ಥವಾಯಿತೋ, ಎಲ್ಲರೂ ನನ್ನ ಕಡೆ ತಿರುಗಿದರು. ಗೂಯೊ ಬಿಡಿಸಿ ಹೇಳಿದ. ಗಲ್ಗಲೊ ಬೈಯಲಿಲ್ಲ. ಒಂದೇ ಮಾತು ಕೇಳಿದ, "ಸೂರ್ಯ ಮುಳುಗುವುದರೊಳಗೆ ನೀರು ಬರುತ್ತದೆಯೇ?" ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ತಿರುಗಿ ಹಲಗೆಗಳ ಕಡೆ ನೋಡಿದೆ.

ಬ್ಯಾಟರಿ ಕೋಣೆಗೆ ಹಿಂತಿರುಗಿದೆವು. ತಿಪ್ಪೇಶಿ ಇನ್ವರ್ಟರಿನ ಮುಂದೆ ನಿಂತ. "ಅಕ್ಕ, ಆ ಲಿಮಿಟ್ ಇಳಿಸ್ಬಿಡು. ಬ್ಯಾಟ್ರಿಯಾಗೆ ಇನ್ನೂ ಸ್ವಲ್ಪ ಐತೆ. ಓಡ್ಲಿ."

"ಬ್ಯಾಟ್ರಿ ಸತ್ರೆ?"

"ದನ ಸಾಯ್ತಾವಲ್ಲಕ್ಕ!"

ಬೆರಳು ಗುಂಡಿಯ ಮೇಲೆ ಇಟ್ಟೆ. ನಿಜ ಹೇಳುತ್ತೇನೆ, ಒತ್ತಲು ಮನಸ್ಸಾಗಿತ್ತು. ಆದರೆ ಬ್ಯಾಟರಿ ಹಾಳಾದರೆ ಹೊಸದು ಬರುವವರೆಗೆ ಇದೇ ಪಂಪು ಬರೀ ಬಿಸಿಲಿನ ಕೃಪೆಯಲ್ಲಿ ನಿಲ್ಲುತ್ತದೆ. ಆಗ ಇವತ್ತಿನ ಗಲ್ಗಲೊನ ಪಾಡು ಎಲ್ಲರ ಪಾಡೂ ಆಗುತ್ತದೆ. ಬೆಳಿಗ್ಗೆ ಯೋಚಿಸದೆ ಒತ್ತಿದ್ದೆ, ಈಗ ಕೈ ಹಿಂದೆ ತೆಗೆದೆ. "ಇಲ್ಲ ಕಣೋ. ಬಿಸಿಲಿನ ಮೇಲೇ ಓಡಿಸ್ಬೇಕು" ಅಂದೆ.

ಬಿಸಿಲು ಬಂದಿತ್ತು, ಆದರೆ ಹಲಗೆಗಳ ಮೇಲೆ ಬೆರಳು ದಪ್ಪದ ಕೆಂಪು ಧೂಳು. ತೊಳೆಯಲು ನೀರು ಬೇಕು, ನೀರಿಗಾಗಿ ಅಲ್ಲವೇ ಇಷ್ಟೆಲ್ಲ! ಒಣಬಟ್ಟೆಯಲ್ಲಿ ಒರೆಸಿದರೆ ಗಾಜಿಗೆ ಗೀರು ಬೀಳುತ್ತದೆ, ತರಬೇತಿಯಲ್ಲಿ ಮೊದಲ ಪಾಠವೇ ಅದು. ಬೀಳಲಿ ಅಂದೆ. ಮೊದಲು ಧೂಳನ್ನು ಕೊಡವಿ, ಆಮೇಲೆ ಮೆತ್ತಗೆ ಒರೆಸಬೇಕು. ಮೂರು ಜನರ ಕೈಯಲ್ಲಿ ಸಂಜೆಯೊಳಗೆ ಮುಗಿಯುವ ಕೆಲಸವಾಗಿರಲಿಲ್ಲ. ಅದೂ ಅಲ್ಲದೆ ಬರುವ ಕರೆಂಟೆಲ್ಲ ಪಂಪಿಗೇ ಹೋಗಬೇಕೆಂದರೆ ಊರಿನ ಲೈನುಗಳನ್ನೆಲ್ಲ ಕಡಿಯಬೇಕು. ತುಮೆಯ ಫ್ರಿಜ್ಜಿನದೂ ಸೇರಿ.

ತುಮೆ ಆಗಲೇ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಗೂಯೊ ಅವಳಿಗೆ ಹೇಳಿದ. ಅವಳ ಹಿಂದೆ ಹಾಲು ತಂದುಕೊಟ್ಟ ಹೆಂಗಸರು. ಅವಳು ಸಿಟ್ಟಿನಿಂದ ಏನೋ ಕೂಗಿದಳು. "ಬೆಳಿಗ್ಗೆ ಹುಟ್ಟಿದ ಮಗುವನ್ನು ಸಂಜೆ ಹೂಳು ಅನ್ನುತ್ತೀಯಾ ಅಂತ ಕೇಳುತ್ತಿದ್ದಾಳೆ" ಅಂದ ಗೂಯೊ. ನಾನು ಕೈ ಮುಗಿದೆ. ಅವಳು ತೊಟ್ಟಿಯ ಕಡೆ ನೋಡಿದಳು. ಒಂದು ಹಸು ಕುಸಿದು ಮುಂಗಾಲು ಮಡಿಸಿತ್ತು, ಗಲ್ಗಲೊ ಅದರ ಬಾಲ ಹಿಡಿದು ಎಬ್ಬಿಸುತ್ತಿದ್ದ. ತುಮೆ ತಲೆಯ ಮೇಲಿನ ವಸ್ತ್ರ ಬಿಚ್ಚಿದಳು, ನನ್ನ ಮುಖವನ್ನೂ ನೋಡದೆ ಹಲಗೆಗಳ ಕಡೆ ನಡೆದಳು. ಅವಳ ಹಿಂದೆ ಎಲ್ಲ ಹೆಂಗಸರೂ ನಡೆದರು.

ಬಣ್ಣಬಣ್ಣದ ವಸ್ತ್ರಗಳು ಗಾಜಿನ ಮೇಲೆ ಆಡಿದವು. ತಿಪ್ಪೇಶಿ ಲೈನು ಕಡಿದು ಬಂದು ತನ್ನ ಅಂಗಿಯನ್ನೇ ಬಿಚ್ಚಿ ಒರೆಸತೊಡಗಿದ. "ಹಿಂಗಲ್ಲಮ್ಮೋ, ಮೇಲಿಂದ ಕೆಳೀಕೆ, ಮೇಲಿಂದ ಕೆಳೀಕೆ!" ಅಂತ ಅವರಿಗೆ ಕನ್ನಡದಲ್ಲಿ ಹೇಳಿಕೊಟ್ಟ. ನಾನು ಮೀಟರಿನ ಮುಂದೆ. ಮುಳ್ಳು ಏರಿತು, ಇಳಿಯಿತು, ಮತ್ತೆ ಏರಿತು. ಪಂಪು ಒಮ್ಮೆ ಕೆಮ್ಮಿ ನಿಂತಿತು. "ಒರೆಸ್ರವ್ವಾ, ಒರೆಸ್ರಿ!" ಅಂತ ಅರಚಿದೆ. ಇನ್ನೊಂದು ಸಾಲು ಹಲಗೆ ಹೊಳೆಯಿತು. ಪಂಪು ಹಿಡಿದುಕೊಂಡಿತು.

ನೀರು ಬಂತು, ಸಣ್ಣಗೆ. ಗಲ್ಗಲೊ ಹಿಂಡನ್ನು ನುಗ್ಗಲು ಬಿಡಲಿಲ್ಲ. ಅವನ ತಮ್ಮಂದಿರು ಒಂದೇ ರಾಗದಲ್ಲಿ ಹಾಡುತ್ತ ನಾಲ್ಕೈದನ್ನೇ ಕರೆದರು, ಕರುವಿನ ಹಸುಗಳು ಮೊದಲು. ಮಿಕ್ಕವು ನಿಂತಲ್ಲೇ ನಿಂತವು. ಅಷ್ಟು ಬಾಯಾರಿದ ದನ ತನ್ನ ಹೊತ್ತಿಗಾಗಿ ಕಾಯುವುದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಕೋಲು ಎತ್ತಿದ್ದ ಮುದುಕನ ಮಕ್ಕಳು ಕೋಲು ಬಿಸಾಕಿ ಬಂದು, ಸಿಸ್ಟನ್ನಿನೊಳಗೆ ಇಳಿದು, ಮೂಲೆಯಲ್ಲಿ ನಿಂತ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಕೊಟ್ಟರು. ಬಿಸಿಲು ಹಳದಿಯಾಯಿತು, ಕೆಂಪಾಯಿತು. ಪಂಪು ನಿಂತಿತು. ಕೊನೆಯ ಹೋರಿಗಳು ತೊಟ್ಟಿಯ ತಳ ನೆಕ್ಕುತ್ತಿದ್ದವು.

ಒಂದೂ ಸಾಯಲಿಲ್ಲ. ಕುಸಿದಿದ್ದ ಹಸು ಕರುವಿಗೆ ಮೊಲೆ ಕೊಟ್ಟು ನಿಂತಿತ್ತು. ನಾನು ಪಂಪಿನ ಪಕ್ಕ ನೆಲದ ಮೇಲೇ ಕೂತುಬಿಟ್ಟೆ. ಆ ಸಂಜೆ ಯಾರ ಮನೆಯಲ್ಲೂ ದೀಪ ಹತ್ತಲಿಲ್ಲ. ತುಮೆ ಉಳಿಯದ ಹಾಲನ್ನು ಮನೆಮನೆಗೆ ಹಂಚಿದಳು, ನಮಗೂ ಒಂದು ಚೊಂಬು ಕಳಿಸಿದಳು. ನಾನು ಅದನ್ನು ತಿಪ್ಪೇಶಿಯ ಕಡೆ ಸರಿಸಿದೆ.

ಮರದ ಕೆಳಗೆ

ಮರುದಿನ ಬೆಳಿಗ್ಗೆ ಜಾರ್ಸೊ ಬಂದು ಮರದ ಕೆಳಗೆ ಕೂತ. ಮುದುಕರೆಲ್ಲ ಬಂದರು. ಊರಿನವರು ಬೇಡ ಅಂದರೆ ನಾವು ಕಂಬ ಕಿತ್ತುಕೊಂಡು ಹೋಗಬೇಕು, ಅದು ನಮ್ಮ ಕರಾರಿನಲ್ಲೇ ಇತ್ತು. ತಿಪ್ಪೇಶಿ ನನ್ನ ಹಿಂದೆ ನಿಂತು, "ಏನು ಕೇಳಿದ್ರೂ ತಪ್ಪಾಯ್ತು ಅನ್ನಕ್ಕ. ವಾದ ಮಾಡ್ಬ್ಯಾಡ, ನಿನ್ ಕಾಲಿಗೆ ಬೀಳ್ತೀನಿ" ಅಂದ. ವಾದ ಮಾಡುವ ಮುಖ ನನಗೆಲ್ಲಿತ್ತು!

ಎಲ್ಲರ ಮಾತೂ ಕೇಳಿದ ಮೇಲೆ ಜಾರ್ಸೊ ಎರಡು ತೀರ್ಪು ಹೇಳಿದ. ಒಂದು, ಕರೆಂಟು ಇರಲಿ, ಆದರೆ ಪಂಪಿನ ಕೋಣೆಯ ಬೀಗದ ಕೈ ಸರದಿಯ ಯಜಮಾನನ ಹತ್ತಿರ. ಎಂಜಿನಿಯರೇ ಆದರೂ ಕೇಳಿ ಒತ್ತಬೇಕು. ಕಂಬಗಳು ಉಳಿದವು ಅಂತ ತಿಳಿದು ನನಗೆ ಉಸಿರು ಬಂತು. ಎರಡು, ಸರದಿ ತಪ್ಪಿಸಿದ್ದಕ್ಕೆ ದಂಡ. ಪಾಲಮ್ಮ ಎಂಬ ಈ ಹೆಂಗಸು ಗಲ್ಗಲೊಗೆ ಒಂದು ಕಡಸು, ಇನ್ನೂ ಕರು ಹಾಕದ ಎಳೆ ಹಸು, ಕೊಡಬೇಕು.

"ನನ್ನ ಹತ್ರ ದನ ಇಲ್ಲ" ಅಂದೆ.

"ಇಲ್ಲಿಲ್ಲ, ಸರಿ. ನಿನ್ನ ಊರಿನಲ್ಲಿ ಎಷ್ಟಿವೆ?"

"ಒಂದೂ ಇಲ್ಲ."

ಗೂಯೊ ಇದನ್ನು ಅವರ ಮಾತಿಗೆ ತರಲು ಹಿಂಜರಿದ. ಹೇಳಿದ ಮೇಲೆ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ದನ ಕಾದವಳು ಅಂದಿದ್ದಳಲ್ಲ" ಅಂದ ಜಾರ್ಸೊ. ಆಗ ಹೇಳಬೇಕಾಯಿತು. ನಮ್ಮದೂ ಇಂಥದೇ ಹುಲ್ಲುಗಾವಲು. ಒಂದು ದಿನ ಅದರ ಸುತ್ತ ಗೋಡೆ ಎದ್ದಿತು. ಒಳಗೆ ದೊಡ್ಡ ದೊಡ್ಡ ಕಟ್ಟಡ ಬಂದವು. ಮೇಯಿಸಲು ಜಾಗವಿಲ್ಲದೆ ಅಪ್ಪ ಒಂದೊಂದೇ ಮಾರಿದ. ಕೊನೆಯ ಜೋಡಿಯನ್ನು ಸಂತೆಗೆ ಹೊಡೆದುಕೊಂಡು ಹೋದವನು ಬಂದು ಎರಡು ದಿನ ಊಟ ಮಾಡಲಿಲ್ಲ.

ಜಾರ್ಸೊ ಕೇಳಿದ, "ಗೋಡೆ ಕಟ್ಟುವ ಮೊದಲು, ಅಲ್ಲಿ ಯಾರ ಸರದಿ ಅಂತ ನಿನ್ನ ಅಪ್ಪನನ್ನು ಕೇಳಲಿಲ್ಲವೇ?"

"ನಮ್ಮಪ್ಪನ್ನ ಯಾರೂ ಕೇಳ್ಲಿಲ್ಲ" ಅಂದೆ. ಕನ್ನಡದಲ್ಲೇ ಬಂತು. ಗೂಯೊಗೆ ಮತ್ತೆ ಇಂಗ್ಲಿಷಿನಲ್ಲಿ ಹೇಳಿದೆ.

ಮುದುಕರು ತಲೆ ಹತ್ತಿರ ತಂದು ಬಹಳ ಹೊತ್ತು ಮಾತಾಡಿದರು. ಗೂಯೊ ನನ್ನ ಕಿವಿಯಲ್ಲಿ ಹೇಳುತ್ತಿದ್ದ. ದನವಿಲ್ಲದವರ ಮೇಲೆ ದಂಡ ಹಾಕುವಂತಿಲ್ಲ. ಯಾರಿಗಾದರೂ ದನ ಇಲ್ಲದೆ ಹೋದರೆ ಕುಲದವರು ಸೇರಿ ಕೊಡಬೇಕು, ಅದು ಅವರ ಕಟ್ಟಳೆ. ಇವಳಿಗೆ ಇಲ್ಲಿ ಕುಲವಿಲ್ಲ. ಹಾಗಾದರೆ ದಂಡ ಹೇಗೆ? ದಂಡವಿಲ್ಲದೆ ಬಿಟ್ಟರೆ ಸರದಿಗೆ ಬೆಲೆ ಏನು?

ಆಗ ಗಲ್ಗಲೊ ಎದ್ದ. ಹಿಂಡಿನ ಕಡೆ ಹೋಗಿ ಒಂದು ಕಡಸನ್ನು ಹಗ್ಗ ಹಾಕಿ ತಂದ. ಹಗ್ಗವನ್ನು ನನ್ನ ಕೈಗೆ ಕೊಟ್ಟು ಏನೋ ಹೇಳಿದ.

"ಇದು ನಿನ್ನದು" ಅಂದ ಗೂಯೊ. "ನಮ್ಮ ಕುಲದಿಂದ ಕೊಟ್ಟದ್ದು. ಈಗ ನಿನಗೆ ದನ ಇದೆ ಅನ್ನುತ್ತಿದ್ದಾನೆ."

ಯಾರಿಗೆ ನಾನು ಅನ್ಯಾಯ ಮಾಡಿದ್ದೆನೋ ಅವನೇ! ಕಡಸು ಮೂಗು ಚಾಚಿ ನನ್ನ ತೋಳು ಮೂಸಿತು. ಬೆಚ್ಚಗಿನ ಉಸಿರು, ಹುಲ್ಲಿನ ವಾಸನೆ. ಅದರ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಸವರಿದೆ, ಕೈ ತಾನಾಗಿ ಹೋಯಿತು.

"ಈಗ ದಂಡ ಕೊಡು" ಅಂದ ಜಾರ್ಸೊ.

ಗಲ್ಗಲೊ ಕೈ ಚಾಚಿದ. ನಾನು ಹಗ್ಗ ಬಿಡಲಿಲ್ಲ. ಬಿಡಬಾರದು ಅಂತಲ್ಲ, ಕೊಡಬೇಕು ಅಂತ ಗೊತ್ತು, ಬೆರಳು ಬಿಚ್ಚಲಿಲ್ಲ. ಕಣ್ಣಲ್ಲಿ ದಳದಳ ನೀರು. ಎಲ್ಲರೂ ನೋಡುತ್ತಿದ್ದರು, ಯಾರೂ ಅವಸರ ಮಾಡಲಿಲ್ಲ. ತಿಪ್ಪೇಶಿ ಹಿಂದಿನಿಂದ ಮೆಲ್ಲಗೆ, "ಅಕ್ಕ... ಕೊಡಕ್ಕ" ಅಂದ. ಕೊಟ್ಟೆ. ಗಲ್ಗಲೊ ಎರಡೂ ಕೈಯಲ್ಲಿ ಹಗ್ಗ ತೆಗೆದುಕೊಂಡ, ಹೊಸದಾಗಿ ಸಿಕ್ಕ ದನವನ್ನು ತೆಗೆದುಕೊಳ್ಳುವ ಹಾಗೆ.

ಸಂಜೆ ಊರಿಗೆಲ್ಲ ದೀಪ ಹತ್ತುವ ಹೊತ್ತಿಗೆ ಊರಾಚೆಯ ಕಲ್ಲುಗುಡ್ಡ ಹತ್ತಿದೆ, ಫೋನು ಹಿಡಿಯುವುದು ಅಲ್ಲೊಂದೇ ಕಡೆ. ಅಪ್ಪನಿಗೆ ಎಲ್ಲ ಹೇಳಿದೆ, ಸ್ವಿಚ್ಚು, ಧೂಳು, ಮರ, ಹಗ್ಗ. ಬೈಯುತ್ತಾನೆ ಅಂದುಕೊಂಡಿದ್ದೆ.

"ಬಣ್ಣ ಯಾವ್ದು?" ಅಂದ.

"ಬಿಳೀದಪ್ಪ. ಕಿವಿ ತುದಿ ಕಪ್ಪು."

"ಕೊಂಬು?"

"ಈಗ ಮೊಳೀತಾ ಅವೆ."

"ಹಣೆ?"

"ಅಗಲ ಐತೆ."

ಅಪ್ಪ ಫೋನನ್ನು ಕಿವಿಯಿಂದ ತೆಗೆದ. ಒಳಗಿದ್ದ ಅವ್ವನನ್ನು ಕೂಗಿದ್ದು ಇಷ್ಟು ದೂರಕ್ಕೂ ಕೇಳಿಸಿತು.

"ಏನೇ, ಬಾರೇ ಇಲ್ಲಿ! ಇವತ್ ಬೆಳಿಗ್ಗೆ ನಮ್ಗೊಂದು ಕಡಸು ಇತ್ತಂತೆ ಕಣೇ. ಬಿಳೀದು."